ಎಮ್ಮೆಗೆ ವಿಮೆ ಉಂಟು, ಮಗಳಿಗೆ?



ಎಮ್ಮೆಯ ಕಿವಿಗೆ ಓಲೆ ಹಾಕಿಸಿ ವಿಮೆ ಮಾಡಿಸಿದ್ದೀರಿ. ಟ್ರ್ಯಾಕ್ಟರಿಗೂ ಮಾಡಿಸಿದ್ದೀರಿ. ಮುಂಗಾರಿನ ಆಹಾರ ಬೆಳೆಗೆ ಶೇ. 2ರಂತೆ ಕಂತು ಕಟ್ಟುತ್ತೀರಿ. ಆದರೆ ಹಾಸಿಗೆ ಸುತ್ತಿಕೊಂಡು ಧಾರವಾಡಕ್ಕೋ ಮೈಸೂರಿಗೋ ಓದಲು ಹೊರಟ ಮಗಳಿಗೆ? ದೇವರಿಗೆ ಕಾಯಿ ಒಡೆದು ಬಸ್ಸು ಹತ್ತಿಸಿದಿರಿ, ಅಷ್ಟೇ.

ಒಂದು ರಾತ್ರಿ ಹಾಸ್ಟೆಲಿನಿಂದ ಫೋನು ಬರುತ್ತದೆ. ಬೈಕಿನಿಂದ ಬಿದ್ದಳು, ಇಲ್ಲವೇ ಹೊಟ್ಟೆನೋವು, ಆಪರೇಷನ್ ಆಗಬೇಕು. ಆಸ್ಪತ್ರೆಯವರು ಮೊದಲು ದುಡ್ಡು ಕಟ್ಟಿ ಅಂತಾರೆ. ಅಷ್ಟು ಹೊತ್ತಿನಲ್ಲಿ ನೀವು ಯಾರ ಬಾಗಿಲು ತಟ್ಟುತ್ತೀರಿ? ಬಡ್ಡಿ ಎಷ್ಟೆಂದು ಕೇಳುವ ಧೈರ್ಯ ಇರುತ್ತದೆಯೇ? ಇದು ಬೀಜ ಗೊಬ್ಬರದ ಸಾಲವಲ್ಲ. 2018ರಲ್ಲಿ ಬ್ಯಾಂಕು, ಸೊಸೈಟಿಗಳ ಬೆಳೆಸಾಲ ಮನ್ನಾ ಆಯಿತು. ಆಸ್ಪತ್ರೆಗೆಂದು ತಂದ ಕೈಸಾಲ ಹಾಗೇ ಉಳಿಯಿತು.

ಸರಕಾರದ ಕಾರ್ಡು ಇದೆಯಲ್ಲ ಅಂತೀರಿ. ನಿಜ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಆದರೆ ನಾಲ್ಕು ಎಕರೆ ಹೆಚ್ಚಿಗೆ ಇದ್ದದ್ದೇ ತಪ್ಪಾಗಿ ನಿಮ್ಮದು ಎಪಿಎಲ್ ಕಾರ್ಡಾಗಿದ್ದರೆ, ನಿಗದಿ ಮಾಡಿದ ದರದಲ್ಲಿ ಶೇ. 30 ಮಾತ್ರ ಸರಕಾರದ್ದು. ಮಿಕ್ಕ ಶೇ. 70 ನಿಮ್ಮ ತಲೆಗೆ. ಪಹಣಿಯಲ್ಲಿ ಎಕರೆ ಕಾಣುತ್ತದೆ, ಮಳೆ ಬಾರದ್ದು ಕಾಣುವುದಿಲ್ಲ.

ನಿಮ್ಮದೇ ಸೊಸೈಟಿಯ ಯಶಸ್ವಿನಿ ಇದೆ. 2003ರಲ್ಲಿ ಸಹಕಾರಿ ರೈತರಿಗಾಗಿ ಹುಟ್ಟಿದ ಯೋಜನೆ ಇದು. 2018ರಲ್ಲಿ ನಿಲ್ಲಿಸಿದರು, 2022ರಲ್ಲಿ ಮತ್ತೆ ತಂದರು. ಆಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಇಟ್ಟರು. ನೋಂದಣಿಗೆ ಗಡುವು ಉಂಟು. ಕಾರ್ಯದರ್ಶಿಯನ್ನು ಈಗಲೇ ಕೇಳಿ, ಹೊರಗೆ ಓದುವ ಮಕ್ಕಳ ಹೆಸರು ಬಿಟ್ಟುಹೋಗದಂತೆ ನೋಡಿ. ಪಟ್ಟಿಯಲ್ಲಿರುವ ಆಸ್ಪತ್ರೆ, ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ ಅದು ನಡೆಯುತ್ತದೆ. ಹಾಗಾಗಿ ಮಗಳು ಓದುವ ಊರಿನಲ್ಲಿ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಎಂದು ಚೀಟಿಯಲ್ಲಿ ಬರೆದು ಅವಳ ಕೈಗೆ ಕೊಡಿ. ಕಾರ್ಡಿನ ನಕಲೂ ಅವಳ ಹತ್ತಿರ ಇರಲಿ. ನಿಮ್ಮ ಪೆಟ್ಟಿಗೆಯಲ್ಲಿರುವ ಕಾರ್ಡು ಧಾರವಾಡದಲ್ಲಿ ಕೆಲಸಕ್ಕೆ ಬಾರದು.

ಹದಿನೆಂಟು ತುಂಬಿದವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆ. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಪೂರ್ತಿ ಅಂಗವಿಕಲತೆಗೆ 2 ಲಕ್ಷ. ಆಸ್ಪತ್ರೆ ಬಿಲ್ಲು ಇದರಲ್ಲಿ ಬರುವುದಿಲ್ಲ, ಮೋಸಹೋಗಬೇಡಿ. ಕಂತನ್ನು ಮೇ ಕೊನೆಗೆ ಬ್ಯಾಂಕ್ ಖಾತೆಯಿಂದಲೇ ಮುರಿಯುತ್ತಾರೆ. ಓದುವ ಹುಡುಗರ ಖಾತೆ ಆ ಹೊತ್ತಿಗೆ ಬರಿದು; 20 ರೂಪಾಯಿ ಇಲ್ಲದೆ ವಿಮೆ ತಪ್ಪುತ್ತದೆ.

ಕಾಲೇಜಿನ ರಸೀತಿಯಲ್ಲಿ ವಿಮೆ ಎಂಬ ಬಾಬ್ತು ಇದ್ದರೆ ಪಾಲಿಸಿಯ ಕಾಗದ ಕೇಳಿ. ದುಡ್ಡು ಕೊಟ್ಟವರು ನೀವು, ಕೇಳಲು ನಾಚಿಕೆ ಯಾಕೆ?

ಇಷ್ಟು ನಮ್ಮ ಕೆಲಸ. ಇನ್ನು ಸರಕಾರದ್ದು. ಬೆಂಬಲ ಬೆಲೆಯ ಲೆಕ್ಕದಲ್ಲಿ ಬೀಜ, ಗೊಬ್ಬರ, ಮನೆಮಂದಿಯ ದುಡಿಮೆ ಬರುತ್ತದೆ. ಮಗಳ ಹಾಸ್ಟೆಲು, ಆಸ್ಪತ್ರೆ ಬರುವುದಿಲ್ಲ. ಬೆಳೆದದ್ದಕ್ಕೆ ನ್ಯಾಯವಾದ ಬೆಲೆ ಕೊಟ್ಟರೆ ನಮ್ಮ ಮಕ್ಕಳ ವಿಮೆ ನಾವೇ ಕಟ್ಟುತ್ತೇವೆ. ಅದನ್ನು ಕೊಡುವವರೆಗೆ, ರೈತರ ಮಕ್ಕಳಿಗೆ ಎಪಿಎಲ್ ಬಿಪಿಎಲ್ ಎಂಬ ಭೇದ ಬೇಡ, ಆಸ್ಪತ್ರೆಯ ಪೂರ್ತಿ ಖರ್ಚು ಸರಕಾರವೇ ಹೊರಲಿ. ಇದು ಭಿಕ್ಷೆಯಲ್ಲ, ನಮಗೆ ಬರಬೇಕಾದ ಬಾಕಿ. ಮುಂದಿನ ಸೊಸೈಟಿ ಸಭೆಯಲ್ಲಿ ಎದ್ದು ನಿಂತು ಈ ಮಾತು ಹೇಳಿ, ಠರಾವು ಬರೆಸಿ.