ನಿಮಿಷದ ಲೆಕ್ಕ, ದುಡಿಮೆಯ ಬೆಲೆ

ತಿಂಗಳ ಸಂಬಳ, ದಿನಗೂಲಿಗಳಂತೆ ಗಂಟೆಯ ಲೆಕ್ಕದ ದುಡಿಮೆಯೂ ಇಂದು ನಮ್ಮ ನಗರದಲ್ಲಿ ನೆಲೆಯೂರಿದೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಮನೆಗಳಲ್ಲಿಯೇ ಕುಳಿತು ಭಾಷಾಂತರ, ಚಿತ್ರವಿನ್ಯಾಸ, ಮನೆಪಾಠಗಳನ್ನು ನಡೆಸುವ ತರುಣರು ತಮ್ಮ ಬಿಲ್ಲನ್ನು ಎಕ್ಸೆಲ್ ಹಾಳೆಯಲ್ಲಿ ತಾವೇ ಸಿದ್ಧಪಡಿಸಿಕೊಳ್ಳುತ್ತಾರೆ. ಆ ಬಿಲ್ಲಿನಲ್ಲಿ ಅಡಗಿರುವ ಒಂದು ಸಣ್ಣ ಪ್ರಶ್ನೆ ಶಿಕ್ಷಕ ಬಂಧುಗಳ ವಿಚಾರಕ್ಕೆ ಅರ್ಹವೆಂದು ನಾನು ಭಾವಿಸುತ್ತೇನೆ.

ಗಂಟೆಗೆ 600 ರೂಪಾಯಿ ದರದಲ್ಲಿ ಒಬ್ಬರು ತಲಾ 20 ನಿಮಿಷದ ಮೂರು ಕೆಲಸಗಳನ್ನು ಮಾಡಿದರೆನ್ನೋಣ. ಒಟ್ಟು ಒಂದು ಗಂಟೆ. ಸಲ್ಲತಕ್ಕದ್ದು 600 ರೂಪಾಯಿ. ಪ್ರತಿಯೊಂದು ಕೆಲಸವನ್ನೂ 0.33 ಗಂಟೆಯೆಂದು ಬರೆದರೆ ದೊರೆಯುವುದು 594. ಸಮೀಪದ ಕಾಲುಗಂಟೆಗೆ ಇಳಿಸಿದರೆ 450. ಮುಂದಿನ ಕಾಲುಗಂಟೆಗೆ ಏರಿಸಿದರೆ 900. ದುಡಿಮೆ ಒಂದೇ, ಬೆಲೆ ಮಾತ್ರ ನಾಲ್ಕು!

ಇದಕ್ಕೆ ಕಾರಣವೇನು? ನಮ್ಮ ಹಿರಿಯರು ದಿನವನ್ನು 60 ಘಳಿಗೆಗಳಾಗಿ ಎಣಿಸಿದರು. ಗಂಟೆಗೂ 60 ನಿಮಿಷ. ಅರವತ್ತು ಮೂರರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಹತ್ತು ಆಗುವುದಿಲ್ಲ. ಆದುದರಿಂದ ನಿಮಿಷಗಳನ್ನು ದಶಮಾಂಶಕ್ಕೆ ತರುವಾಗಲೇ ಶೇಷ ಉಳಿಯುತ್ತದೆ. ಹಾಳೆಯ ಮೇಲೆ 0.33 ಎಂದು ಕಂಡರೂ ಒಳಗೆ ಪೂರ್ಣ ಬೆಲೆಯೇ ಇದ್ದು, ಯಂತ್ರವು 200 ರೂಪಾಯಿ ಎಂದು ಮುದ್ರಿಸುವುದುಂಟು. ಹಣ ತೆರುವವರು ಕೈಯಿಂದ ಗುಣಿಸಿದರೆ 198 ಮಾತ್ರ. ಎರಡು ರೂಪಾಯಿಯ ಅಂತರ ಅಲ್ಪವೇ ಇರಬಹುದು. ಆದರೆ ಅದರಿಂದ ಹುಟ್ಟುವ ಸಂಶಯ ಅಲ್ಪವಲ್ಲ.

ಅಂಕಿಯನ್ನು ಇಡಿಯಾಗಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. 2017ರ ಕೇಂದ್ರ ಜಿ.ಎಸ್.ಟಿ. ಕಾಯಿದೆಯ 170ನೆಯ ಕಲಮೂ ತೆರಿಗೆಯ ಮೊತ್ತದಲ್ಲಿ 50 ಪೈಸೆ ಹಾಗೂ ಅದಕ್ಕೆ ಮೇಲ್ಪಟ್ಟುದನ್ನು ಒಂದು ರೂಪಾಯಿಯಾಗಿ ಎಣಿಸಿ, ಕಡಿಮೆಯಾದುದನ್ನು ಬಿಡಲು ವಿಧಿಸಿದೆ. ಕಾಲುಗಂಟೆಯ ಲೆಕ್ಕವನ್ನು ಉಭಯರೂ ಮೊದಲೇ ಒಪ್ಪಿದ್ದರೆ ಅದೂ ನ್ಯಾಯವೇ. ಅನ್ಯಾಯವಾಗುವುದು ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ಏರಿಸಿದಾಗ ಅಥವಾ ಇಳಿಸಿದಾಗ.

ಆದುದರಿಂದ ನಿಮಿಷಗಳನ್ನು ನಿಮಿಷಗಳಾಗಿಯೇ ಬರೆಯಬೇಕು. ಎಲ್ಲವನ್ನೂ ಕೂಡಿಸಿ, ದರದಿಂದ ಗುಣಿಸಿ, ಬಳಿಕ 60ರಿಂದ ಭಾಗಿಸಬೇಕು. ಕೊನೆಯ ಮೊತ್ತವನ್ನು ಮಾತ್ರ, ಅದೂ ಒಂದೇ ಬಾರಿ, ರೂಪಾಯಿಗೆ ಇಡಿಯಾಗಿಸಬೇಕು. ಅನುಸರಿಸಿದ ನಿಯಮವನ್ನು ಬಿಲ್ಲಿನ ಕೆಳಗೆ ಒಂದು ಸಾಲಿನಲ್ಲಿ ಕಾಣಿಸಬೇಕು.

ನಮ್ಮ ಪ್ರೌಢಶಾಲೆಯ ಮಕ್ಕಳು ದಶಮಾಂಶದ ಪಾಠವನ್ನು ಕಲಿಯುತ್ತಾರೆ, ಕಂಪ್ಯೂಟರನ್ನೂ ಕಲಿಯುತ್ತಾರೆ. ಇವೆರಡೂ ಕೂಡುವ ಈ ಲೆಕ್ಕವನ್ನು ಒಂದು ದಿನವಾದರೂ ಅವರ ಮುಂದಿಡಬೇಕು. ಪರರ ದುಡಿಮೆಯನ್ನು ಅಳೆಯುವ ಕೈಗೆ ಜಾಣ್ಮೆಯಷ್ಟೇ ಪ್ರಾಮಾಣಿಕತೆಯೂ ಬೇಕೆಂಬುದನ್ನು ಮಕ್ಕಳು ಇಲ್ಲಿಯೇ ಅರಿಯಲಿ ಎಂಬುದು ನನ್ನ ವಿನಮ್ರ ನಿವೇದನೆ.