ಹೆಸರು ಬರೆಸುವವರು ಅಪ್ಪ-ಅಮ್ಮ, ವೇದಿಕೆ ಹತ್ತುವುದು ಮಗು

ಫ್ಲಾರಿಡಾದ ಡಿಸ್ನಿ ಹಾಲಿವುಡ್ ಸ್ಟುಡಿಯೋಸ್ ಪಾರ್ಕಿನಲ್ಲಿ 2007ರಿಂದ 2020ರ ಮಾರ್ಚ್‌ವರೆಗೆ ಮಕ್ಕಳೇ ಪಾತ್ರ ವಹಿಸುವ ಒಂದು ಬಯಲು ಪ್ರದರ್ಶನ ನಡೆಯುತ್ತಿತ್ತು. ಮೊದಲು ಅದರ ಹೆಸರು 'ಜೆಡೈ ಟ್ರೈನಿಂಗ್ ಅಕಾಡೆಮಿ'. 2015ರ ಡಿಸೆಂಬರಿನಲ್ಲಿ ಕಥೆಯನ್ನು ಹೊಸದಾಗಿ ಹೆಣೆದು 'ಟ್ರಯಲ್ಸ್ ಆಫ್ ದ ಟೆಂಪಲ್' ಎಂದು ಕರೆದರು. 'ಸ್ಟಾರ್ ವಾರ್ಸ್' ಸಿನಿಮಾಗಳ ಲೋಕ ಅದು, ಜೆಡೈ ಎಂದರೆ ಅಲ್ಲಿನ ಕತ್ತಿವೀರರು. ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳು ಕಂದು ನಿಲುವಂಗಿ ತೊಟ್ಟು, ಪ್ಲಾಸ್ಟಿಕ್ಕಿನ ಬೆಳಕಿನ ಕತ್ತಿ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಗುರುವಿನ ಪಾತ್ರಧಾರಿ ನಾಲ್ಕಾರು ವರಸೆ ಹೇಳಿಕೊಡುತ್ತಿದ್ದ. ಆಮೇಲೆ ಕಪ್ಪು ಮುಖವಾಡದ ಖಳನಾಯಕ ಡಾರ್ತ್ ವೇಡರ್ ಬರುತ್ತಿದ್ದ, ಮಕ್ಕಳು ಒಬ್ಬೊಬ್ಬರಾಗಿ ಅವನೆದುರು ಕತ್ತಿ ಬೀಸಬೇಕಿತ್ತು.

ಪಾರ್ಕಿನ ಟಿಕೆಟ್ ಇದ್ದರೆ ಸಾಕು, ಇದಕ್ಕೆ ಬೇರೆ ದುಡ್ಡು ಇರಲಿಲ್ಲ. ಆದರೆ ಮಗುವಿನ ಹೆಸರನ್ನು ಅದೇ ದಿನ ಬೆಳಗ್ಗೆ, ಪಾರ್ಕಿನೊಳಗೇ ಬರೆಸಬೇಕಿತ್ತು. ರಜೆಯ ದಿನಗಳಲ್ಲಿ ಗೇಟು ತೆರೆದ ಸ್ವಲ್ಪ ಹೊತ್ತಿಗೆಲ್ಲ ಜಾಗ ಭರ್ತಿ. ಹಾಗಾಗಿ ಅಪ್ಪ-ಅಮ್ಮಂದಿರು ಕತ್ತಲಿರುವಾಗಲೇ ಮಕ್ಕಳನ್ನು ಎಬ್ಬಿಸಿ, ಗೇಟು ತೆಗೆಯುವ ಮುಂಚೆಯೇ ಬಂದು ನಿಂತು, ತೆಗೆದ ಕೂಡಲೇ ಹೆಸರು ಬರೆಸುವ ಕೌಂಟರಿನತ್ತ ಧಾವಿಸುತ್ತಿದ್ದರು. ಅಲ್ಲಿದ್ದ ಒಂದು ನಿಯಮ ನನಗೆ ಬಹಳ ಹಿಡಿಸಿತು. ಹೆಸರು ಬರೆಸುವಾಗ ಮಗು ಖುದ್ದಾಗಿ ಕೌಂಟರಿನ ಮುಂದೆ ಇರಬೇಕು. ಮಗುವನ್ನು ತಾಯಿಯ ಜೊತೆ ಹೋಟೆಲಿನಲ್ಲಿ ಬಿಟ್ಟು ತಂದೆ ಒಬ್ಬನೇ ಬಂದು ಬರೆಸುವಂತಿರಲಿಲ್ಲ.

ಮಗುವಿನ ವಯಸ್ಸು ನೋಡಲು, ಹೇಳಿದ್ದು ಅದಕ್ಕೆ ಅರ್ಥವಾಗುತ್ತದೆಯೇ ಎಂದು ತಿಳಿಯಲು ಮಾಡಿದ ಏರ್ಪಾಡು ಅದು, ಇರಲಿ. ಆದರೂ ಅದು ದೊಡ್ಡದೊಂದು ಪ್ರಶ್ನೆಯನ್ನು ಮುಟ್ಟುತ್ತದೆ. ನೂರಾರು ಜನ ನೋಡುತ್ತಿರುವಾಗ ಮಗುವನ್ನು ಒಂದು ಪಾತ್ರದಲ್ಲಿ ನಿಲ್ಲಿಸುವ ತೀರ್ಮಾನ ಯಾರದು? ನನ್ನ ಉತ್ತರ ಹೀಗಿದೆ. ಹೆಸರು ಬರೆಸುವ ಕಷ್ಟ ಅಪ್ಪ-ಅಮ್ಮನದು, ಅದನ್ನು ಅವರು ಸಂತೋಷದಿಂದ ಪಡಲಿ. ಹತ್ತುವ ತೀರ್ಮಾನ ಮಾತ್ರ ವೇದಿಕೆಯ ಕೊನೆಯ ಮೆಟ್ಟಿಲವರೆಗೂ ಮಗುವಿನ ಕೈಯಲ್ಲೇ ಇರಬೇಕು. ತಾವು ಪಟ್ಟ ಕಷ್ಟವನ್ನು ಮಗು ತೀರಿಸಬೇಕಾದ ಸಾಲವಾಗಿ ಮಾಡಬಾರದು.

ಇದು ಕೇಳಲು ಸುಲಭ, ನಡೆಸುವುದು ಕಷ್ಟ. ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಇಂಥ ಪ್ರವಾಸ ಎಂದರೆ ವರ್ಷದ ದೊಡ್ಡ ಖರ್ಚು. ಊರಿನಿಂದ ಬಂದ ಅಜ್ಜ-ಅಜ್ಜಿಯೂ ಜೊತೆಗಿರುತ್ತಾರೆ. ಅಂಥದೊಂದು ಕುಟುಂಬವನ್ನು ಆ ವೇದಿಕೆಯ ಬದಿಯಲ್ಲಿ ನಾನು ಕಂಡೆ. ಸೀರೆಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡ ಅಜ್ಜಿ, ಫೋನು ಎತ್ತಿ ಹಿಡಿದ ಅಪ್ಪ, ಐದು ವರ್ಷದ ಆಸುಪಾಸಿನ ಹುಡುಗ. ನಿಲುವಂಗಿ ಆಗಲೇ ತೊಡಿಸಿ ಆಗಿತ್ತು, ಅದರ ತೋಳು ಹುಡುಗನ ಬೆರಳುಗಳನ್ನು ಮುಚ್ಚಿತ್ತು. ಅವನು ಅಪ್ಪನ ಪ್ಯಾಂಟು ಹಿಡಿದು ಬಿಡಲೊಲ್ಲ.

"ಬೆಳಗ್ಗೆ ಐದಕ್ಕೆ ಎದ್ದಿದ್ದು ಯಾರಿಗೋಸ್ಕರ ಪುಟ್ಟಾ? ನಿನಗೋಸ್ಕರ ತಾನೆ?" ಅಂದ ಅಪ್ಪ.

"ಬಿಡೋ, ಮಗೂಗೆ ಹೆದರಿಕೆ ಆಗ್ತಿದೆ," ಅಂದರು ಅಜ್ಜಿ.

"ನೀನು ಸುಮ್ನಿರಮ್ಮ. ಹೋದ್ರೆ ತಾನೇ ಸರಿಹೋಗ್ತಾನೆ."

ಹುಡುಗ ಹೋದ. ಭುಜಕ್ಕೆ, ಮಂಡಿಗೆ ಎಂದು ಹೇಳಿಕೊಟ್ಟ ವರಸೆಗಳನ್ನೆಲ್ಲ ತಪ್ಪಿಲ್ಲದೆ ಮಾಡಿದ. ಚಪ್ಪಾಳೆಯೂ ಬಿತ್ತು. ಆದರೆ ಅಷ್ಟೂ ಹೊತ್ತು ಅವನು ನೋಡುತ್ತಿದ್ದುದು ವೇಡರ್‌ನನ್ನಲ್ಲ, ಗುರುವನ್ನೂ ಅಲ್ಲ, ಅಪ್ಪನ ಕೈಯಲ್ಲಿದ್ದ ಫೋನನ್ನು. ಅವನ ಪಕ್ಕದಲ್ಲಿದ್ದ ಹುಡುಗಿ ವೇಡರ್‌ನ ಎದೆಯ ಮೇಲಿನ ಗುಂಡಿಗಳನ್ನು ಬಾಯಿ ಬಿಟ್ಟುಕೊಂಡು ನೋಡುತ್ತ ತನ್ನ ಸರದಿಯನ್ನೇ ಮರೆತಿದ್ದಳು. ಇಬ್ಬರಲ್ಲಿ ಆಟದೊಳಗೆ ಇದ್ದವಳು ಆ ಹುಡುಗಿ.

ಆ ಅಪ್ಪ ಕೆಟ್ಟವನಲ್ಲ. ಅವನ ಮಾತಿನಲ್ಲಿ ಅರ್ಧ ಸತ್ಯವೂ ಇದೆ. ಎಷ್ಟೋ ಮಕ್ಕಳು ಮೊದಲು ಹಿಂಜರಿದು, ಮೆಲ್ಲಗೆ ಬೆನ್ನು ಸವರಿದರೆ ಮುಂದೆ ಹೋಗಿ, ಇಳಿದು ಬಂದ ಮೇಲೆ "ಇನ್ನೊಂದ್ಸಲ" ಎನ್ನುತ್ತವೆ. ನಾಲ್ಕು ವರ್ಷದ ಮಗುವಿಗೆ ತನಗೇನು ಬೇಕೆಂದು ಮುಂಚಿತವಾಗಿ ಹೇಳಲು ಬರುವುದಿಲ್ಲ. ಅದನ್ನು ಬಲ್ಲವರು ಹೆತ್ತವರೇ ಎಂಬ ವಾದವನ್ನು ನಾನು ತಳ್ಳಿಹಾಕಲಾರೆ. ನನ್ನ ತಕರಾರು ಉತ್ತೇಜನದ ಮೇಲಲ್ಲ. "ಹೋಗಿ ನೋಡು, ಬೇಡ ಅನ್ನಿಸಿದರೆ ಇಳಿದು ಬಾ, ನಾನು ಇಲ್ಲೇ ಇರ್ತೀನಿ" ಎಂದರೆ ಅದು ಉತ್ತೇಜನ. "ಐದಕ್ಕೆ ಎದ್ದಿದ್ದು ಯಾರಿಗೋಸ್ಕರ" ಎಂದರೆ ಅದು ಲೆಕ್ಕ ಒಪ್ಪಿಸು ಎಂದ ಹಾಗೆ. ಮೊದಲ ಮಾತು ಮಗುವಿಗೆ ಹಿಂದಿರುಗುವ ದಾರಿ ತೋರಿಸುತ್ತದೆ, ಎರಡನೆಯದು ಆ ದಾರಿಯನ್ನು ಮುಚ್ಚುತ್ತದೆ.

ಮಕ್ಕಳೆಲ್ಲ ಒಂದೇ ಬಗೆಯಲ್ಲ ಎಂಬುದು ಬರೀ ಅಜ್ಜಿಯರ ಅನುಭವವಲ್ಲ. ನ್ಯೂಯಾರ್ಕಿನಲ್ಲಿ ಮನೋವೈದ್ಯರಾದ ಅಲೆಗ್ಸಾಂಡರ್ ಥಾಮಸ್ ಮತ್ತು ಸ್ಟೆಲಾ ಚೆಸ್ 1956ರಲ್ಲಿ ಶುರುಮಾಡಿ ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿ ನಡೆಸಿದ ಅಧ್ಯಯನದಲ್ಲಿ ಸುಮಾರು ನೂರಕ್ಕೆ 15 ಮಕ್ಕಳು ನಿಧಾನವಾಗಿ ಬೆರೆಯುವ ಸ್ವಭಾವದವು ಎಂದು ಕಂಡುಬಂತು. ಹೊಸ ಜಾಗ, ಹೊಸ ಜನ ಕಂಡರೆ ಅವು ಮೊದಲು ಹಿಂದೆ ಸರಿಯುತ್ತವೆ. ಅವಸರಿಸದೆ, ಅದೇ ಸನ್ನಿವೇಶವನ್ನು ಮತ್ತೆ ಮತ್ತೆ ನೋಡಲು ಬಿಟ್ಟರೆ ತಾವಾಗಿ ಹತ್ತಿರ ಬರುತ್ತವೆ. ಥೀಮ್ ಪಾರ್ಕಿನ ದಿನದಲ್ಲಿ ಇಲ್ಲದಿರುವುದೇ ಈ 'ಮತ್ತೆ ಮತ್ತೆ'. ಹೆಸರು ಬರೆಸಿದ ಪ್ರದರ್ಶನ ಒಂದು, ಹೊತ್ತು ಗೊತ್ತಾದದ್ದು, ಅರ್ಧ ಗಂಟೆ ಮುಂಚೆ ಹಾಜರಾಗಬೇಕಿತ್ತು. ಹಿಂಜರಿಯುವ ಮಗುವಿಗೆ ಒಗ್ಗಿಕೊಳ್ಳಲು ಬಿಡುವು ಎಲ್ಲಿ? ಇಂಥ ಮಗುವಿನ ಹೆಸರನ್ನು ಮಧ್ಯಾಹ್ನದ ಸರದಿಗೆ ಬರೆಸಿ, ಬೆಳಗಿನ ಪ್ರದರ್ಶನವೊಂದನ್ನು ದೂರದಿಂದ ತೋರಿಸುವ ತಾಯಂದಿರೂ ಇದ್ದರು. ಅದು ಅಪ್ಪಟ ಜಾಣತನ.

ವಯಸ್ಸಿನ ವಿಷಯಕ್ಕೆ ಬಂದರೆ, ಡಿಸ್ನಿಯ ಪ್ಯಾರಿಸ್ ಪಾರ್ಕಿನಲ್ಲಿ ಇದೇ ಜೆಡೈ ತರಬೇತಿಗೆ ಮಗುವಿಗೆ 7 ವರ್ಷ ತುಂಬಿರಬೇಕಿತ್ತು. ಫ್ಲಾರಿಡಾದಲ್ಲಿ ನಾಲ್ಕು, ಪ್ಯಾರಿಸ್ಸಿನಲ್ಲಿ ಏಳು. ನಾಲ್ಕು ವರ್ಷದ ಮಗುವಿಗೆ ವೇಷ ಹಾಕಿದ ಮನುಷ್ಯನಿಗೂ ನಿಜವಾದ ರಾಕ್ಷಸನಿಗೂ ನಡುವಿನ ಗೆರೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಏಳರ ಹೊತ್ತಿಗೆ ಹೆದರಿಕೆಯನ್ನೇ ಆಟವಾಗಿ ಸವಿಯುವ ಶಕ್ತಿ ಬಂದಿರುತ್ತದೆ. ನನ್ನನ್ನು ಕೇಳಿದರೆ ಪ್ಯಾರಿಸ್ಸಿನ ಲೆಕ್ಕವೇ ಸರಿ.

ಇನ್ನು ಯಾರಿಗೆ ಜಾಗ ಸಿಗಬೇಕು ಎಂಬ ಮಾತು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಇದೇ ಆಟ 2006ರಲ್ಲಿ ಆರಂಭವಾದಾಗ ಹೆಸರು ಬರೆಸುವ ಪದ್ಧತಿ ಇರಲಿಲ್ಲ, ಗುರುವಿನ ಪಾತ್ರಧಾರಿಯೇ ಪ್ರೇಕ್ಷಕರ ನಡುವಿನಿಂದ ಮಕ್ಕಳನ್ನು ಆರಿಸುತ್ತಿದ್ದ. ಆ ಪದ್ಧತಿಯಲ್ಲಿ ಕೈ ಎತ್ತಿ ಕುಣಿಯುವ, ಜೋರಾಗಿ ಕೂಗುವ ಮಗುವಿಗೆ ಅವಕಾಶ ಹೆಚ್ಚು. ಒಳಗೊಳಗೇ ಆಸೆಪಟ್ಟು ಬಾಯಿ ಬಿಡದ ಮಗು ಕುಳಿತಲ್ಲೇ ಉಳಿಯುತ್ತದೆ, ಆರಿಸದೆ ಬಿಟ್ಟರೆಂಬ ನೋವನ್ನೂ ಹೊತ್ತು ಹೋಗುತ್ತದೆ. ಕೌಂಟರಿನ ಪಟ್ಟಿ ಇದಕ್ಕಿಂತ ಎಷ್ಟೋ ಮೇಲು. ಅಲ್ಲಿ ಮೆಲುದನಿಯಲ್ಲಿ "ಹೂಂ" ಎಂದರೂ ಸಾಕು, ಜಾಗ ಖಾತ್ರಿ. ಮುಂಚೆ ಬಂದವರಿಗೆ ಮೊದಲು ಎಂಬ ನಿಯಮ ಕೂಡ ಪೂರ್ತಿ ನ್ಯಾಯವಲ್ಲ, ಪಾರ್ಕಿನ ಹತ್ತಿರದ ಹೋಟೆಲಿನಲ್ಲಿ ಉಳಿಯಲು ಶಕ್ತಿಯುಳ್ಳವರು ಸಹಜವಾಗಿ ಮುಂಚೆ ಬರುತ್ತಾರೆ. ಹಾಗಿದ್ದರೂ ದುಡ್ಡು ಕೊಟ್ಟು ಕೊಳ್ಳಲಾಗದ ಜಾಗವೊಂದು ಅಂಥ ಊರಿನಲ್ಲಿ ಇತ್ತಲ್ಲ, ಅದಕ್ಕೆ ಬೆಲೆಯಿದೆ.

ಏಕೆಂದರೆ ದುಡ್ಡಿಗೂ ಮಗುವಿನ ಒಪ್ಪಿಗೆಗೂ ನೇರ ನಂಟಿದೆ. ಈ ಮಾತನ್ನು ನಾನು ಒತ್ತಿ ಹೇಳಬೇಕು. ಡಿಸ್ನಿಯ 'ಬಿಬಿಡಿ ಬಾಬಿಡಿ ಬೊಟೀಕ್'ನಲ್ಲಿ ಮೂರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ರಾಜಕುಮಾರಿಯ ಅಲಂಕಾರ ಮಾಡುತ್ತಾರೆ, ಅದಕ್ಕೆ ದಿನಗಳ ಮುಂಚೆಯೇ ಕಾದಿರಿಸಿ ಪ್ರತ್ಯೇಕ ಹಣ ಕೊಡಬೇಕು. 2019ರಲ್ಲಿ ತೆರೆದ 'ಗ್ಯಾಲಕ್ಸೀಸ್ ಎಡ್ಜ್' ವಿಭಾಗದಲ್ಲಿ ನಿಮ್ಮದೇ ಬೆಳಕಿನ ಕತ್ತಿ ಜೋಡಿಸಿಕೊಳ್ಳುವ ಕಾರ್ಯಾಗಾರವಿದೆ, ಆಗಲೇ ಅದರ ಬೆಲೆ 200 ಡಾಲರಿನ ಹತ್ತಿರ. 2022ರಲ್ಲಿ ಅದೇ ಫ್ಲಾರಿಡಾದಲ್ಲಿ 'ಗ್ಯಾಲಕ್ಟಿಕ್ ಸ್ಟಾರ್‌ಕ್ರೂಸರ್' ಎಂಬ ಹೋಟೆಲು ಬಂತು. ಇಬ್ಬರಿಗೆ ಎರಡು ರಾತ್ರಿಗೆ 4,800 ಡಾಲರಿನ ಆಸುಪಾಸು. ಕತ್ತಿವರಸೆಯ ತರಬೇತಿ ಅದರೊಳಗೇ ಸೇರಿತ್ತು. 2023ರ ಸೆಪ್ಟೆಂಬರಿನಲ್ಲಿ ಅದನ್ನು ಮುಚ್ಚಿದರು. ಬೇಗ ಎದ್ದು ಬಂದರೆ ಪುಕ್ಕಟೆ ಸಿಗುತ್ತಿದ್ದ ಸಂತೋಷ ಹೀಗೆ ಸಾವಿರಾರು ಡಾಲರಿನ ಸರಕಾಯಿತು.

ಅಷ್ಟು ದುಡ್ಡು ಸುರಿದ ತಾಯಿ, ಅಲಂಕಾರದ ಕುರ್ಚಿಯಲ್ಲಿ ಕುಳಿತ ಮಗು "ಬೇಡ" ಎಂದಾಗ "ಸರಿ ಕಂದಾ, ಎದ್ದು ಬಾ" ಎನ್ನುವುದು ಎಷ್ಟು ಕಷ್ಟ! ಹೆತ್ತವರು ಹೂಡಿದ್ದು ಹೆಚ್ಚಿದಷ್ಟೂ ಮಗುವಿನ 'ಬೇಡ'ಕ್ಕೆ ಜಾಗ ಕಡಿಮೆಯಾಗುತ್ತ ಹೋಗುತ್ತದೆ. ಪುಕ್ಕಟೆ ಆಟದಲ್ಲಿ ಕಳೆದುಕೊಳ್ಳುವುದು ಒಂದು ಬೆಳಗಿನ ನಿದ್ದೆ ಮಾತ್ರ. ಹಾಗಾಗಿ ಪಾರ್ಕುಗಳು ಮಕ್ಕಳು ಪಾತ್ರ ವಹಿಸುವ ಆಟಗಳನ್ನು ಟಿಕೆಟ್ಟಿನೊಳಗೇ ಇಡುವುದು ಬಡವ-ಬಲ್ಲಿದರ ನ್ಯಾಯಕ್ಕಷ್ಟೇ ಅಲ್ಲ, ಮಗುವಿನ ಸ್ವಾತಂತ್ರ್ಯಕ್ಕೂ ಬೇಕು.

ಹೆಸರೇ ಬರೆಸದ ದಾರಿಯೂ ಒಂದಿದೆ. 2004ರಲ್ಲಿ ಡಿಸ್ನಿಯ ಎಪ್‌ಕಾಟ್ ಪಾರ್ಕಿನಲ್ಲಿ ಶುರುವಾದ 'ಟರ್ಟಲ್ ಟಾಕ್ ವಿತ್ ಕ್ರಷ್' ಪ್ರದರ್ಶನದಲ್ಲಿ ತೆರೆಯ ಮೇಲಿನ ಆಮೆಯೊಂದು ಎದುರಿಗಿರುವ ಮಕ್ಕಳ ಜೊತೆ ಆಗಿಂದಾಗಲೇ ಮಾತಾಡುತ್ತದೆ. ಮಕ್ಕಳು ಮುಂದೆ ನೆಲದ ಮೇಲೆ, ದೊಡ್ಡವರು ಹಿಂದೆ ಬೆಂಚಿನ ಮೇಲೆ. ಕೈ ಎತ್ತಿದ ಮಗು ಪ್ರಶ್ನೆ ಕೇಳುತ್ತದೆ, ಎತ್ತದ್ದು ಕೇಳಿಸಿಕೊಂಡು ನಗುತ್ತದೆ. ಎರಡೂ ಭಾಗವಹಿಸುವಿಕೆಯೇ. ನಾಚಿಕೆಯ ಮಗುವಿಗೆ ಹೊಸಿಲು ಇಷ್ಟು ತಗ್ಗಿದ್ದರೆ ಒಳಗೆ ಬರುವುದು ಸಲೀಸು.

ಹೆತ್ತವರು ಹಿಡಿಯುವ ಇನ್ನೊಂದು ದಾರಿ ಲಂಚ. "ಹತ್ತಿದರೆ ಆ ಆಟಿಕೆ ಕೊಡಿಸ್ತೀನಿ." 1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ ನಡೆಸಿದ ಪ್ರಯೋಗ ಇಲ್ಲಿ ನೆನಪಾಗಬೇಕು. ಬಣ್ಣದ ಪೆನ್ನಿನಿಂದ ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುವುದಾಗಿ ಮುಂಚೆಯೇ ಹೇಳಿದರು. ಕೆಲ ದಿನಗಳ ಮೇಲೆ ನೋಡಿದರೆ ಆ ಮಕ್ಕಳು ಬಿಡುವಿನಲ್ಲಿ ಚಿತ್ರ ಬಿಡಿಸುವ ಹೊತ್ತು ಉಳಿದವರದರ ಅರ್ಧಕ್ಕೆ ಇಳಿದಿತ್ತು. ಆಟಿಕೆಯ ಆಸೆಗೆ ವೇದಿಕೆ ಹತ್ತಿದ ಮಗುವಿಗೆ ಆಟ ಕೂಲಿಯ ಕೆಲಸವಾಗುತ್ತದೆ.

ಮಕ್ಕಳ ಇಚ್ಛೆ ಎಂಬುದು ಕಾನೂನಿಗೂ ಗೊತ್ತಿರುವ ಸಂಗತಿ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಮಗು ಹೇಳುವುದನ್ನು ಅದರ ವಯಸ್ಸು, ತಿಳಿವಳಿಕೆಗೆ ತಕ್ಕಂತೆ ಪರಿಗಣಿಸಬೇಕು ಎನ್ನುತ್ತದೆ. ಭಾರತ 1992ರಲ್ಲಿ ಇದನ್ನು ಒಪ್ಪಿಕೊಂಡಿತು, ಅಮೆರಿಕ ಸಹಿ ಹಾಕಿತೇ ಹೊರತು ಅನುಮೋದಿಸಿಲ್ಲ. ನಮ್ಮಲ್ಲಿ ಬಾಲಕಾರ್ಮಿಕ ನಿಯಮಗಳಿಗೆ 2017ರಲ್ಲಿ ತಂದ ತಿದ್ದುಪಡಿ ಟಿ.ವಿ., ಸಿನಿಮಾಗಳ ಬಾಲ ಕಲಾವಿದರನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ ಎಂದಿತು. ಮಗುವಿನ ಇಚ್ಛೆ, ಒಪ್ಪಿಗೆಗಳಿಗೆ ವಿರುದ್ಧವಾಗಿ ಅದನ್ನು ಭಾಗವಹಿಸುವಂತೆ ಮಾಡಬಾರದು ಎಂದೂ ಹೇಳಿತು. ಪ್ರವಾಸಕ್ಕೆ ಬಂದ ಮಗುವಿಗೆ ಈ ನಿಯಮ ಅನ್ವಯಿಸುವುದಿಲ್ಲ, ನಿಜ. ಆದರೆ ಸಂಬಳಕ್ಕೆ ನಟಿಸುವ ಮಗುವಿಗೆ ಇರುವ 'ಬೇಡ' ಎನ್ನುವ ಹಕ್ಕು, ನಲಿಯಲೆಂದು ಬಂದ ಮಗುವಿಗೆ ಅದರ ಮನೆಯವರಿಂದಲೇ ಸಿಗದೆ ಹೋದರೆ ಹೇಗೆ?

ಬರೆಸಿದ ಜಾಗವನ್ನು ಬಿಟ್ಟುಕೊಟ್ಟರೆ ಇನ್ನೊಂದು ಮಗುವಿನ ಅವಕಾಶ ಹಾಳಾಗುತ್ತದೆ ಎನ್ನುವವರಿದ್ದಾರೆ. ಹಾಜರಿಯ ಹೊತ್ತಿಗೇ ಹೋಗಿ "ನಮ್ಮ ಮಗು ಬರುತ್ತಿಲ್ಲ" ಎಂದು ಸಿಬ್ಬಂದಿಗೆ ಹೇಳಿದರೆ ಕಾದು ನಿಂತ ಬೇರೆ ಮಗುವಿಗೆ ಅದು ದಕ್ಕಬಹುದು. ಒಲ್ಲದ ಮಗು ಏರಿದರಂತೂ ಜಾಗ ಇಬ್ಬರಿಗೂ ದಕ್ಕಲಿಲ್ಲ.

ಆಟವನ್ನು ಕಟ್ಟಿದವರೂ ಮಗುವಿನ ಆಯ್ಕೆಗೆ ಅವಕಾಶ ಬಿಟ್ಟಾಗ ಅದು ಎಷ್ಟು ಚೆಂದವಾಗುತ್ತದೆ ಎಂಬುದಕ್ಕೂ ಈ ಪ್ರದರ್ಶನವೇ ಸಾಕ್ಷಿ. ವೇಡರ್‌ನ ಎದುರು ಕತ್ತಿ ಬೀಸಬೇಕಾದ ಮಕ್ಕಳಲ್ಲಿ ಕೆಲವರು ಕತ್ತಿ ಕೆಳಗಿಳಿಸಿ, ಮಂಡಿಯೂರಿ, ಅವನ ಪಕ್ಷವನ್ನೇ ಸೇರಿಬಿಡುತ್ತಿದ್ದರು. ಕಥೆಯೇ ತಲೆಕೆಳಗು! ನೋಡುವವರಿಗೆ ಅದಕ್ಕಿಂತ ದೊಡ್ಡ ಸಂತೋಷ ಬೇರೆ ಇರುತ್ತಿರಲಿಲ್ಲ. ಪಾತ್ರದೊಳಗೆ ಹೋಗಿ ಸ್ವಂತ ತೀರ್ಮಾನ ತೆಗೆದುಕೊಂಡ ಮಗು ಅದು. ಹತ್ತದೆ ಉಳಿದ ಮಗುವಿನ ತೀರ್ಮಾನಕ್ಕೂ ಇದೇ ಗೌರವ ಸಿಗಲಿ ಎಂಬುದು ನನ್ನ ಆಸೆ.

ಆ ಗೌರವ ಪರೀಕ್ಷೆಗೆ ಒಳಗಾಗುವುದು ಪಾರ್ಕಿನಲ್ಲಲ್ಲ, ಸಂಜೆ ಬರುವ ಫೋನ್ ಕರೆಯಲ್ಲಿ. ಊರಿನಿಂದ ದೊಡ್ಡಪ್ಪ, ಅತ್ತೆ, ಮಾವ ಎಲ್ಲರೂ "ವಿಡಿಯೊ ಕಳಿಸಲೇ ಇಲ್ವಲ್ಲ, ನಮ್ಮ ಚಿನ್ನು ಸ್ಟೇಜ್ ಮೇಲೆ ಏನ್ ಮಾಡ್ದ?" ಎಂದು ಕೇಳುತ್ತಾರೆ. ಆಗ ಫೋನನ್ನು ಮಗುವಿನ ಕೈಗೆ ಕೊಟ್ಟು "ನೀನೇ ಹೇಳು" ಎನ್ನುವುದು ಮಗುವನ್ನು ಇನ್ನೊಂದು ವೇದಿಕೆ ಹತ್ತಿಸಿದಂತೆ. ಉತ್ತರ ಕೊಡಬೇಕಾದವರು ಹೆಸರು ಬರೆಸಿದವರು. "ಅವನಿಗೆ ಇವತ್ತು ಬೇಡ ಅನ್ನಿಸ್ತು ಅತ್ತೆ, ಕೂತು ನೋಡಿದ" ಎಂದಷ್ಟೇ ಹೇಳಿ, ಮಾತನ್ನು ಊಟ-ತಿಂಡಿಯ ಕಡೆಗೆ ಹೊರಳಿಸಬೇಕು.