ಚೀಟಿಯಲ್ಲಿ ಯಾರ ಹೆಸರು?

ಬೋಧನಾ ಅಭ್ಯಾಸದ ಮೂರನೇ ವಾರ ಒಂಬತ್ತನೇ ತರಗತಿಗೆ ಪೂರಕ ಓದಿನ ಹೆಸರಿನಲ್ಲಿ ಸುಝಾನ್ ಕಾಲಿನ್ಸ್ ಅವರ ‘ದಿ ಹಂಗರ್ ಗೇಮ್ಸ್’ (2008) ಕಾದಂಬರಿಯ ಕಥೆ ಹೇಳಿದೆ. ಪಾಠ ವೀಕ್ಷಣೆಗೆ ಬಂದಿದ್ದ ಹಿರಿಯರು ‘ಇಷ್ಟು ಕ್ರೂರವಾದದ್ದು ಮಕ್ಕಳಿಗೆ ಬೇಡ’ ಎಂದು ಷರಾ ಬರೆದರು. ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಪಾಠ ಕೆಟ್ಟದ್ದು ಮಾತ್ರ ನಿಜ, ಆದರೆ ಬೇರೆ ಕಾರಣಕ್ಕೆ.

ಪನೆಮ್ ಎಂಬ, ಮುಂದೊಂದು ಕಾಲದ ದೇಶ. ಕ್ಯಾಪಿಟಲ್ ಎಂಬ ರಾಜಧಾನಿಯ ಕೈಕೆಳಗೆ 12 ಜಿಲ್ಲೆಗಳು. ಹಿಂದೆ ದಂಗೆ ಎದ್ದದ್ದಕ್ಕೆ ದಂಡವಾಗಿ ಪ್ರತಿ ವರ್ಷ ಜಿಲ್ಲೆಗೊಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿ ಎತ್ತಿ ಆರಿಸುತ್ತಾರೆ. ವಯಸ್ಸು 12ರಿಂದ 18. ಒಬ್ಬರೇ ಉಳಿಯುವ ತನಕ ಈ 24 ಮಕ್ಕಳು ಒಬ್ಬರನ್ನೊಬ್ಬರು ಕೊಲ್ಲಬೇಕು, ಅದನ್ನು ದೇಶವೆಲ್ಲ ಟಿವಿಯಲ್ಲಿ ನೋಡಬೇಕು. ತಂಗಿಯ ಹೆಸರು ಬಂದಾಗ 16ರ ಕ್ಯಾಟ್ನಿಸ್ ಅವಳ ಬದಲು ತಾನು ಹೋಗುತ್ತಾಳೆ.

ನಾನು ಎಡವಿದ್ದು ಅಖಾಡದ ಭಾಗದಲ್ಲಿ. ಕಬಡ್ಡಿ ಕಾಮೆಂಟರಿಯಂತೆ ಹೇಳುತ್ತ ಹೋದೆ. ಒಬ್ಬೊಬ್ಬರು ಸತ್ತಾಗಲೂ ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು. ‘ಕೊನಿಗಿ ಯಾರ್ ಗೆದ್ರ್ರೀ ಸರ?’ ತರಗತಿ ನಿಯಂತ್ರಣಕ್ಕೆ ಒಳ್ಳೆಯ ಅಂಕ ಬರುತ್ತದೆಂದು ನಾನೂ ಹಿಗ್ಗಿದೆ! ರಾತ್ರಿ ಹೊಳೆಯಿತು: ಕ್ಯಾಪಿಟಲ್ಲಿನ ಟಿವಿ ನಿರೂಪಕನ ಕೆಲಸವನ್ನೇ ನಾನು ಮಾಡಿದ್ದೆ. ಕಾದಂಬರಿಯಲ್ಲೂ ಈ ದೋಷ ಸ್ವಲ್ಪ ಇದೆ. ಪುಟ ತಿರುಗಿಸುವ ಆತುರದಲ್ಲಿ ಓದುವವರೂ ಪ್ರೇಕ್ಷಕರ ಸಾಲಿಗೆ ಸೇರಿಬಿಡುತ್ತಾರೆ.

ಕ್ರೌರ್ಯದ ಮಾತಿಗೆ ಬಂದರೆ, ‘ಕೆರೆಗೆ ಹಾರ’ವನ್ನು ನಾವು ಮಕ್ಕಳಿಂದ ಮುಚ್ಚಿಡುತ್ತೇವೆಯೇ? ಕೆರೆಗೆ ನೀರು ಬರಲೆಂದು ಮನೆಯವರೇ ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡುವ ಹಾಡು ಅದು. ಕೇಳುವವರ ಗಂಟಲು ಕಟ್ಟುತ್ತದೆ, ಚಪ್ಪಾಳೆ ಬೀಳುವುದಿಲ್ಲ. ಭಾಗೀರಥಿ ಯಾರ ಮಗಳು, ಯಾರ ಗೆಳತಿ ಎಂದು ಹಾಡು ಮೊದಲೇ ತಿಳಿಸಿಬಿಟ್ಟಿರುತ್ತದೆ.

ಮರುದಿನ ಅಖಾಡ ಬಿಟ್ಟು ಚೀಟಿಯಿಂದ ಶುರುಮಾಡಿದೆ. 12ನೇ ವಯಸ್ಸಿಗೆ ಒಂದು ಚೀಟಿ, ಆಮೇಲೆ ವರ್ಷಕ್ಕೊಂದು ಹೆಚ್ಚು. ಮನೆಯಲ್ಲಿ ಕಾಳಿಲ್ಲದವರು ಹೆಚ್ಚುವರಿ ಚೀಟಿ ಹಾಕಬಹುದು. ಒಂದಕ್ಕೆ ಒಬ್ಬರ ವರ್ಷದ ಧಾನ್ಯ, ಎಣ್ಣೆ ಸಿಗುತ್ತದೆ, ಅದೂ ಅರೆಹೊಟ್ಟೆಗೆ. ಕ್ಯಾಟ್ನಿಸ್ ತನಗೆ, ತಾಯಿಗೆ, ತಂಗಿಗೆಂದು ವರ್ಷಕ್ಕೆ ಮೂರು ಹಾಕಿದ್ದಾಳೆ. ಕರಿಹಲಗೆಯ ಮೇಲೆ ಲೆಕ್ಕ ಮಾಡಿದೆವು: ವರ್ಷಕ್ಕೆ 4, ಐದು ವರ್ಷಕ್ಕೆ 20. ಅದೇ ವಯಸ್ಸಿನ ಉಳ್ಳವರ ಮಗಳಿಗೆ 5.

ಹತ್ತಿ ಬಿಡಿಸಲು ಹೋಗಿ ಹದಿನೈದು ದಿನಕ್ಕೆ ಶಾಲೆಗೆ ಮರಳಿದ್ದ ಹುಡುಗಿಯೊಬ್ಬಳು, ಅಲ್ಲಿಯತನಕ ಬಾಯಿ ಬಿಡದವಳು, ಎದ್ದು ನಿಂತಳು: ‘ಹಂಗಾದ್ರ ಚೀಟಿ ಎತ್ತದು ಬರೀ ತೋರ್ಸಕ್ಕ ಅದರಿ ಸರ.’ ನಮ್ಮ ಸಗರನಾಡಿನಲ್ಲಿ ಹತ್ತಿ ಒಡೆದಾಗ ಹಾಜರಿ ಪುಸ್ತಕದಲ್ಲಿ ಯಾರ ಹೆಸರಿನ ಮುಂದೆ ಗೈರು ಬೀಳುತ್ತದೆಂದು ಅವಳಿಗೆ ನಾನು ಹೇಳಿಕೊಡಬೇಕಿರಲಿಲ್ಲ.

ಹಿಂದಿನ ಬೆಂಚಿನವನು ಸುಮ್ಮನಿರಲಿಲ್ಲ. ‘ಮತ್ತ ಒಂದೇ ಚೀಟಿ ಇದ್ದ ತಂಗಿ ಹೆಸರೇ ಬಂತಲ್ಲ?’ ಇಬ್ಬರ ವಾದಕ್ಕೆ ಇಡೀ ತರಗತಿ ಕೂಡಿಕೊಂಡಿತು. ಪಾಠ ಯೋಜನೆಯಲ್ಲಿ ಬರೆದಿಟ್ಟ ಮೌಲ್ಯಮಾಪನದ ಐದು ಪ್ರಶ್ನೆ ಕೇಳುವ ಮೊದಲೇ ಗಂಟೆ ಹೊಡೆಯಿತು.